ಮತದ ಮಾತು, ಮತಯಾಚನೆಯ ಧ್ವನಿ

ಕನ್ನಡದಲ್ಲಿ 'ಮತ' ಎಂಬ ಶಬ್ದಕ್ಕೆ ಎರಡು ಕೆಲಸ. ಕ್ರೈಸ್ತ ಮತ, ಶೈವ ಮತ ಎನ್ನುವಾಗ ಅದು ಒಂದು ಧಾರ್ಮಿಕ ಸಂಪ್ರದಾಯವನ್ನು ಹೇಳುತ್ತದೆ. ಮತಪೆಟ್ಟಿಗೆ, ಮತಯಾಚನೆ ಎನ್ನುವಾಗ ಪ್ರಜೆಯು ರಾಜ್ಯಕ್ಕೆ ಒಪ್ಪಿಸುವ ಅಭಿಪ್ರಾಯವನ್ನು. ಮೂಲದಲ್ಲಿ ಎರಡೂ ಒಂದೇ. ಮನಸ್ಸು ಎಣಿಸಿದ್ದು, ಒಪ್ಪಿದ್ದು ಮತ. ನಾವು ದಿನವೂ ಕೇಳುವ ಮರಾಠಿಯಲ್ಲಿ ಈ ತೊಡಕಿಲ್ಲ. ಅಲ್ಲಿ ಧರ್ಮ ಬೇರೆ, ಮತ ಬೇರೆ. ಆದುದರಿಂದ ಮುಂಬಯಿಯ ಚುನಾವಣೆಯ ದಿನಗಳಲ್ಲಿ 'ಕ್ರೈಸ್ತ ಮತಗಳು ಯಾರ ಕಡೆಗೆ?' ಎಂದು ಕನ್ನಡ ಪತ್ರಿಕೆಯೊಂದು ಕೇಳಿದರೆ ಆ ವಾಕ್ಯಕ್ಕೆ ಶ್ಲೇಷೆಯ ದೋಷ ತಾನಾಗಿಯೇ ಅಂಟಿಕೊಳ್ಳುತ್ತದೆ. ಕೇಳಿದವರ ಉದ್ದೇಶ ಮತದಾರರ ಚೀಟಿಯ ಕಡೆಗೆ. ಹೊರಟ ಅರ್ಥವೋ, ಇಗರ್ಜಿಯ ಪೀಠದ ಕಡೆಗೆ. ಈ ಶ್ಲೇಷೆ ಬರಿಯ ಭಾಷೆಯ ಆಕಸ್ಮಿಕವಲ್ಲ, ನಮ್ಮ ರಾಜಕೀಯ ಪ್ರಚಾರದ ಒಂದು ರೀತಿಯೇ ಅದರ ಮೇಲೆ ನಿಂತಿದೆ ಎಂಬುದು ನಮ್ಮ ಎಣಿಕೆ. ಅದನ್ನು ವಿಚಾರಿಸಲು ರಾಜ್ಯಶಾಸ್ತ್ರಕ್ಕಿಂತ ನಮ್ಮ ಹಳೆಯ ಕಾವ್ಯಮೀಮಾಂಸೆ ಹೆಚ್ಚು ಉಪಯೋಗಕ್ಕೆ ಬರುವುದೆಂದು ತೋರಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು, ಯಾರು ಈ ಕ್ರೈಸ್ತ ಮತದಾರರು? ಹೊರಗಿನಿಂದ ನೋಡುವವನಿಗೆ ಒಂದೇ ಗುಂಪು. ಒಳಗೆ ಕಾಲಿಟ್ಟರೆ, ಕಥೋಲಿಕರಲ್ಲಿಯೇ ಮೂರು ಲೋಕಗಳಾದರೂ ಕಾಣುತ್ತವೆ. ಸಾಷ್ಟಿ ಮತ್ತು ವಸಯಿಯ ಮೂಲನಿವಾಸಿಗಳಾಗಿ, ಮರಾಠಿಯ ಒಂದು ರೂಪವನ್ನೇ ಮನೆಮಾತಾಗಿ ಉಳ್ಳ 'ಈಸ್ಟ್ ಇಂಡಿಯನ್' ಜನ ತಮ್ಮ ಗಾವಠಾಣದ ಗಡಿ, ಹಿರಿಯರ ಜಮೀನು, ಓಣಿಯ ಶಿಲುಬೆ ಇವುಗಳ ಚಿಂತೆಯಲ್ಲಿರುತ್ತಾರೆ. ಅವರ ಸಂಘ ೧೮೮೭ರಷ್ಟು ಹಳೆಯದು. ಗೋವೆಯವರು ಧೋಬಿ ತಲಾವ, ಮಝಗಾಂವಗಳ 'ಕೂಡ'ಗಳಲ್ಲಿ ಊರಿನ ಹೆಸರಿನಿಂದ ಒಟ್ಟಾದವರು. ಹಡಗಿನ ಕೆಲಸ, ಸಂಗೀತ, ಅಡಿಗೆಗಳ ಮೂಲಕ ಈ ನಗರಕ್ಕೆ ಬಂದವರು. ಮೂರನೆಯವರು ನಮ್ಮವರು: ದಕ್ಷಿಣ ಕನ್ನಡದಿಂದ ಬಂದ ಮಂಗಳೂರಿನ ಕಥೋಲಿಕರು. ಮನೆಯಲ್ಲಿ ಕೊಂಕಣಿ, ಅದನ್ನು ಬರೆಯುವುದು ಕನ್ನಡ ಲಿಪಿಯಲ್ಲಿ, ನೆರೆಯವರೊಡನೆ ತುಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷು. ಸಪ್ಟೆಂಬರ್ ೮ರಂದು ಮರಿಯಮ್ಮನವರ ಜನ್ಮದಿನ. ಅದು ಮಂಗಳೂರಿನವರಿಗೆ ಮೊಂತಿ ಫೆಸ್ತ್. ಹೊಸ ತೆನೆ, ಮಕ್ಕಳ ಕೈಯ ಹೂವು, ಮನೆಯಲ್ಲಿ ಸಸ್ಯಾಹಾರದ ಊಟ. ಅದೇ ಹಬ್ಬದ ನೆಪದಲ್ಲಿ ಬಾಂದ್ರಾದ ಗುಡ್ಡದ ಮೇಲೆ ಒಂದು ವಾರದ ಜಾತ್ರೆ. ಅಲ್ಲಿ ಮೇಣದ ಬೊಂಬೆ, ಸಿಹಿತಿಂಡಿ, ನೂಕುನುಗ್ಗಲು, ಮತ್ತು ಎಲ್ಲ ಪಕ್ಷಗಳ ಶುಭಾಶಯ ಫಲಕಗಳು. ಹಬ್ಬವೊಂದೇ ಆಗಿದ್ದರೂ ಆಚರಿಸುವವರು ಒಂದೇ ಆಗಿಲ್ಲವೆಂಬುದನ್ನು ಆ ಫಲಕಗಳನ್ನು ಬರೆಸಿದವರು ಬಲ್ಲರೆಂದು ಹೇಳಲಾರೆವು.

ಆದರೂ 'ಕ್ರೈಸ್ತ ಮತ' ಎಂಬುದು ಒಮ್ಮೆ ಕಾನೂನಿನ ಸತ್ಯವೇ ಆಗಿತ್ತು. ೧೯೩೫ರ ಶಾಸನದಂತೆ ಮುಂಬಯಿ ಪ್ರಾಂತದ ವಿಧಾನಸಭೆಯ ೧೭೫ ಸ್ಥಾನಗಳಲ್ಲಿ ೩ ಸ್ಥಾನಗಳು ಭಾರತೀಯ ಕ್ರೈಸ್ತರಿಗೆ ಮೀಸಲಾಗಿ, ಆ ಸ್ಥಾನಗಳಿಗೆ ಕ್ರೈಸ್ತರು ಮಾತ್ರ ಮತ ಕೊಡುವ ಪ್ರತ್ಯೇಕ ಮತದಾರ ವರ್ಗವಿತ್ತು. ಆಗ ಅಭ್ಯರ್ಥಿಯು ಕ್ರೈಸ್ತನಾಗಿ ಕ್ರೈಸ್ತರೊಡನೆ ಮಾತಾಡುವುದು ತಪ್ಪಾಗಿರಲಿಲ್ಲ. ಬೇರೆ ದಾರಿಯೇ ಇರಲಿಲ್ಲ. ಈ ಬೇಲಿಯೊಳಗೆ ನಿಂತು ಬೇಲಿಯನ್ನು ಅಲುಗಾಡಿಸಿದವರಲ್ಲಿ ಕರಾವಳಿ ಕನ್ನಡನಾಡಿನಿಂದ ಬಂದ ಜೋಕಿಂ ಆಳ್ವರು ಒಬ್ಬರು. ಇವರು ೧೯೩೭ರಲ್ಲಿ ಮುಂಬಯಿಯಲ್ಲಿ ನ್ಯಾಷನಲಿಸ್ಟ್ ಕ್ರಿಶ್ಚನ್ ಪಾರ್ಟಿ ಎಂಬ ಪಕ್ಷವನ್ನು ಕಟ್ಟಿದರು. ಹೆಸರಿನಲ್ಲಿ ಮತವಿದೆ, ಉದ್ದೇಶವಾದರೋ ಕ್ರೈಸ್ತ ಸಮಾಜವನ್ನು ಸ್ವಾತಂತ್ರ್ಯದ ಹೋರಾಟಕ್ಕೆ ಎಳೆತರುವುದು. ಮುಂದೆ ೧೯೪೯ರಲ್ಲಿ ಮುಂಬಯಿಯ ಶೆರೀಫರಾಗಿ, ಆಮೇಲೆ ಮೂರು ಲೋಕಸಭೆಗಳಿಗೆ ಉತ್ತರ ಕನ್ನಡದಿಂದ ಆಯ್ಕೆಯಾದರು. ಆ ಕ್ಷೇತ್ರದಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಬೇಲಿಯನ್ನು ಕೊನೆಗೂ ಕಿತ್ತದ್ದು ಸಂವಿಧಾನ ಸಭೆ. ೧೯೪೯ರ ಮೇ ತಿಂಗಳಲ್ಲಿ ಮತೀಯ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಬಿಟ್ಟುಕೊಡುವ ನಿರ್ಣಯ ಬಂದಾಗ ಅದನ್ನು ಬೆಂಬಲಿಸಿದವರಲ್ಲಿ ಬಂಗಾಲದ ಎಚ್.ಸಿ. ಮುಖರ್ಜಿಯವರೂ ಮಂಗಳೂರಿನಲ್ಲಿ ಹುಟ್ಟಿದ ಜೆಸುಯಿತ್ ಪಾದ್ರಿ ಜೆರೋಂ ಡಿಸೋಜರೂ ಇದ್ದರು. ಪಡೆದಿದ್ದುದನ್ನು ಕೈಯಾರೆ ಬಿಟ್ಟುಕೊಡುವುದು ರಾಜಕೀಯದಲ್ಲಿ ಅಪರೂಪ. ಈ ತ್ಯಾಗದ ಬೆಲೆಯನ್ನು ನಮ್ಮ ಕರಾವಳಿಯ ಇತಿಹಾಸಕಾರರು ಇನ್ನೂ ಸರಿಯಾಗಿ ಕಟ್ಟಿಲ್ಲವೆಂದೇ ಹೇಳಬೇಕು.

ಕಾನೂನಿನಲ್ಲಿ ಕ್ರೈಸ್ತ ಮತದಾರನು ಅಂದಿಗೆ ಮುಗಿದನು. ಪ್ರಚಾರದಲ್ಲಿ ಮುಗಿಯಲಿಲ್ಲ, ರೂಪವನ್ನು ಬದಲಿಸಿದನು.

ಇಲ್ಲಿ ಆನಂದವರ್ಧನನ ನೆರವು ಬೇಕಾಗುತ್ತದೆ. ಮಾತಿಗೆ ನೇರವಾದ ವಾಚ್ಯಾರ್ಥವಿರುವಂತೆ, ಸಂದರ್ಭದಿಂದಲೂ ಹೇಳುವವನಿಂದಲೂ ಕೇಳುವವನಿಂದಲೂ ಹೊಮ್ಮುವ ಧ್ವನ್ಯರ್ಥವೂ ಇರುವುದೆಂಬುದು ವಾಚಕರಿಗೆ ತಿಳಿದ ವಿಷಯ. ಹೊತ್ತು ಮುಳುಗಿತೆಂಬ ಒಂದೇ ಮಾತು ಕಳ್ಳನಿಗೆ ಒಂದನ್ನೂ ಗೋವಳನಿಗೆ ಇನ್ನೊಂದನ್ನೂ ಹೇಳುತ್ತದೆಂಬ ಆಲಂಕಾರಿಕರ ಉದಾಹರಣೆಯನ್ನು ನಾವೆಲ್ಲ ಪಾಠದಲ್ಲಿ ಓದಿದವರೇ. ಚುನಾವಣೆಯ ಭಾಷಣ, ಭಿತ್ತಿಪತ್ರ, ಫಲಕ ಇವುಗಳನ್ನು ಈ ದೃಷ್ಟಿಯಿಂದ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ದೇವರ ಹೆಸರು ವಾಚ್ಯವಾಗಿದ್ದರೂ ಯಾಚನೆ ಮತೀಯವಾಗದಿರಬಹುದು. ದೇವರ ಹೆಸರೇ ಇಲ್ಲದೆ ಯಾಚನೆ ಪೂರ್ತಿ ಮತೀಯವಾಗಿರಬಹುದು.

ಮೊದಲನೆಯದಕ್ಕೆ ೧೯೬೭ರ ದಕ್ಷಿಣ ಮುಂಬಯಿಯ ಲೋಕಸಭಾ ಚುನಾವಣೆಗಿಂತ ಒಳ್ಳೆಯ ನಿದರ್ಶನ ಸಿಗದು. ಒಂದು ಕಡೆ ಸ.ಕಾ. ಪಾಟೀಲರು, ಮುಂಬಯಿ ಕಾಂಗ್ರೆಸ್ಸಿನ ಅನಭಿಷಿಕ್ತ ದೊರೆ, ಕೇಂದ್ರದ ರೈಲ್ವೆ ಮಂತ್ರಿ. ಇನ್ನೊಂದು ಕಡೆ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ವಯಸ್ಸು ೩೬, ೧೯೬೧ರಿಂದ ನಗರಪಾಲಿಕೆಯ ಸದಸ್ಯ, ಸಂಯುಕ್ತ ಸಮಾಜವಾದಿ ಪಕ್ಷದ ಉಮೇದುವಾರ. ಈ ಜಾರ್ಜರು ಹದಿನಾರನೆಯ ವಯಸ್ಸಿನಲ್ಲಿ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಹೋದವರು. ಅಲ್ಲಿಯ ಗುರುಗಳಿಗೆ ಎತ್ತರದ ಮೇಜೂ ಉತ್ತಮ ಊಟವೂ, ವಿದ್ಯಾರ್ಥಿಗಳಿಗೆ ಅದಲ್ಲದ್ದೂ ಆಗಿದ್ದುದನ್ನು ಕಂಡು ಬೇಸತ್ತು ಬಿಟ್ಟುಬಂದದ್ದಾಗಿ ಮುಂದೆ ತಾವೇ ಹೇಳಿಕೊಂಡಿದ್ದಾರೆ. ಮುಂಬಯಿಗೆ ಬಂದು ಚೌಪಾಟಿಯ ಬೆಂಚುಗಳ ಮೇಲೆ ಮಲಗಿ, ಪತ್ರಿಕೆಯೊಂದರಲ್ಲಿ ಕರಡು ತಿದ್ದಿ, ಗೋದಿ ಕಾಮಗಾರರ ನಾಯಕ ಪ್ಲಾಸಿಡ್ ಡಿಮೆಲ್ಲೋರ ಬಳಿ ಸಂಘಟನೆಯ ಪಾಠ ಕಲಿತದ್ದು ಈಗ ಎಲ್ಲರಿಗೂ ಗೊತ್ತಿರುವ ಕಥೆ. ಇಗರ್ಜಿಯಲ್ಲಿ ಬಿಟ್ಟುಬಂದ ಪ್ರವಚನದ ಕಂಠವು ಕಾಮಗಾರರ ಸಭೆಯಲ್ಲಿ ದೊರೆಯಿತೆಂದು ಬೇಕಾದರೆ ಹೇಳಬಹುದು. ಆದರೆ ಆ ಕಂಠವು ಕ್ರೈಸ್ತರನ್ನು ಕ್ರೈಸ್ತರೆಂದು ಕರೆಯಲಿಲ್ಲ.

ಆ ಚುನಾವಣೆಯ ಪ್ರಸಿದ್ಧ ಕಥೆಯನ್ನು ಇಲ್ಲಿ ನೆನೆಯಬೇಕು. ನಿಮ್ಮನ್ನು ಯಾರಾದರೂ ಸೋಲಿಸಬಲ್ಲರೇ ಎಂದು ಪತ್ರಕರ್ತರು ಕೇಳಿದಾಗ, ದೇವರಿಗೂ ಅದು ಸಾಧ್ಯವಿಲ್ಲವೆಂಬ ಅರ್ಥದ ಮಾತು ಪಾಟೀಲರಿಂದ ಹೊರಟಿತಂತೆ. ಮರುದಿನಗಳಲ್ಲಿ ನಗರದ ಗೋಡೆಗಳ ಮೇಲೆ ಎದುರುಪಕ್ಷದ ಭಿತ್ತಿಪತ್ರಗಳು ಬಂದವು: ದೇವರು ಪಾಟೀಲರನ್ನು ಸೋಲಿಸಲಾರನೆಂದು ಅವರೇ ಹೇಳುತ್ತಾರೆ, ಆದರೆ ನೀವು ಸೋಲಿಸಬಲ್ಲಿರಿ ಎಂಬುದು ಅವುಗಳ ತಾತ್ಪರ್ಯ. ಈ ಮಾತಿನ ರಚನೆಯನ್ನು ಗಮನಿಸಬೇಕು. ದೇವರು ಇಲ್ಲಿ ವಾಚ್ಯವಾಗಿ ಬಂದಿದ್ದಾನೆ. ಆದರೆ ಯಾವ ಮತದ ದೇವರು? ಗಿರಗಾಂವದ ಮರಾಠಿಯವನಿಗೆ ಅವನದೇ ದೇವರು, ಭೆಂಡಿ ಬಜಾರದ ಮುಸಲ್ಮಾನನಿಗೆ ಅವನದು, ಧೋಬಿ ತಲಾವದ ಗೋವೆಯವನಿಗೆ ಅವನದು. ಕೇಳುವವನ ಮನಸ್ಸಿನಲ್ಲಿ ಮೂಡುವ ಧ್ವನಿಯೋ, ಅಹಂಕಾರದ ಖಂಡನೆ ಮತ್ತು ಸಾಮಾನ್ಯನ ಕೈಯ ಬಲ. ಮತದ ಪದದಿಂದ ಮತಾತೀತವಾದ ಅರ್ಥ. ಹಿಂದೆ ಆಳ್ವರ ಪಕ್ಷದ ಹೆಸರಿನಲ್ಲಿ ಕಂಡದ್ದೂ ಇದರ ಸೋದರ ರೂಪವೇ. ಇನ್ನೊಂದು ಸ್ವಾರಸ್ಯ: ಚಂದ್ರಸೂರ್ಯರಿರುವ ತನಕ ಮುಂಬಯಿ ಮಹಾರಾಷ್ಟ್ರಕ್ಕೆ ಸೇರದೆಂಬ ಮಾತೂ ಇದೇ ಪಾಟೀಲರ ಹೆಸರಿಗೆ ಅಂಟಿತ್ತು. ಶಾಸನಗಳಲ್ಲಿ 'ಆಚಂದ್ರಾರ್ಕ' ಎಂದು ಓದಿ ಅಭ್ಯಾಸವಿರುವ ನಮಗೆ, ಆಕಾಶವನ್ನು ಸಾಕ್ಷಿಗೆ ಕರೆದ ಎಷ್ಟೋ ದತ್ತಿಗಳು ಎಲ್ಲಿ ಹೋದವೆಂಬುದು ಗೊತ್ತು. ೧೯೬೦ರ ಮೇ ೧ರಂದು ಮುಂಬಯಿ ಮಹಾರಾಷ್ಟ್ರದ ರಾಜಧಾನಿಯಾಯಿತು. ಏಳು ವರ್ಷಗಳ ಮೇಲೆ ಪಾಟೀಲರೂ ಸೋತರು. ಜಾರ್ಜರಿಗೆ ಬಂದ ಮತಗಳು ನೂರಕ್ಕೆ ನಲವತ್ತೆಂಟಕ್ಕೂ ಮೇಲೆ. ಕಾಮಗಾರರ ಸಂಘಟನೆ, ಸಂಯುಕ್ತ ಮಹಾರಾಷ್ಟ್ರದ ಕಾಲದ ಸಿಟ್ಟು, ಕಾಂಗ್ರೆಸ್ಸಿನ ಬಗೆಗಿನ ಬೇಸರ ಇವುಗಳಿಂದ ಕೂಡಿದ ಆ ಗೆಲುವನ್ನು ಇಗರ್ಜಿಯ ಲೆಕ್ಕದಲ್ಲಿ ಬರೆಯುವುದು ಸಾಧ್ಯವಿಲ್ಲ. ಗೆಲುವು ಶಾಶ್ವತವೂ ಆಗಲಿಲ್ಲ. ೧೯೭೧ರಲ್ಲಿ ಅದೇ ಕ್ಷೇತ್ರ ಅವರನ್ನು ಕೈಬಿಟ್ಟಿತು. ೧೯೭೭ರಲ್ಲಿ ಬಿಹಾರದ ಮುಝಫ್ಫರಪುರ ಸೆರೆಮನೆಯಲ್ಲಿದ್ದ ಅವರನ್ನು ಮೂರು ಲಕ್ಷಕ್ಕೂ ಮಿಕ್ಕ ಅಂತರದಿಂದ ಆರಿಸಿತು. ಕೋಳ ತೊಡಿಸಿದ ಕೈಯನ್ನು ಎತ್ತಿಹಿಡಿದ ಒಂದು ಚಿತ್ರವೇ ಅಲ್ಲಿ ಭಾಷಣದ ಕೆಲಸವನ್ನು ಮಾಡಿತು.

ಈಗ ಎರಡನೆಯ ಬಗೆ. ಅಭ್ಯರ್ಥಿಯು ಬುಧವಾರ ಮಾಹೀಮಿನ ಸಂತ ಮೈಕೇಲರ ಇಗರ್ಜಿಗೆ ಬರುತ್ತಾನೆ. ನೊವೇನಕ್ಕೆ ಎಲ್ಲ ಮತದವರೂ ಬರುವ ಸ್ಥಳವದು. ಮೇಣದಬತ್ತಿ ಹಚ್ಚುತ್ತಾನೆ, ಕೈ ಮುಗಿಯುತ್ತಾನೆ, ಚಿತ್ರಗಾರನ ಕಡೆಗೆ ಒಂದು ನಿಮಿಷ ತಿರುಗುತ್ತಾನೆ, ಹೊರಡುತ್ತಾನೆ. ಒಂದು ಮಾತನ್ನೂ ಆಡಿಲ್ಲ. ವಾಚ್ಯ ಶೂನ್ಯ, ಧ್ವನಿ ಪೂರ್ಣ. ನಾಳೆಯ ಪತ್ರಿಕೆಯಲ್ಲಿ ಆ ಚಿತ್ರ ಬಂದಾಗ ಅದು ಹೇಳುವುದು ಇಷ್ಟೆ: ನಾನು ನಿಮ್ಮನ್ನು ಗೌರವಿಸುತ್ತೇನೆ, 'ನೀವು' ಎಂದರೆ ಈ ಬತ್ತಿ ಹಚ್ಚುವವರು. ನೀರಿನ ನಲ್ಲಿ, ಬಾಡಿಗೆಯ ಮನೆ, ಗಾವಠಾಣದ ಗಡಿ ಇವೆಲ್ಲ ಆ ಬತ್ತಿಯ ಬೆಳಕಿನಲ್ಲಿ ಮರೆಯಾಗುತ್ತವೆ. ಭಕ್ತಿಯಿಂದಲೇ ಬಂದಿರಬಹುದಲ್ಲ ಎಂದರೆ ಅದೂ ಉಂಟು. ಆದರೆ ಭಕ್ತಿಗೆ ಚಿತ್ರಗಾರನೇಕೆ ಎಂಬ ಪ್ರಶ್ನೆಗೆ ಸಮಾಧಾನ ಕಂಡಿಲ್ಲ.

ನ್ಯಾಯಾಲಯಗಳು ಈ ಧ್ವನಿಯನ್ನು ಹೇಗೆ ಕೇಳಿವೆಯೆಂಬುದು ಮುಂಬಯಿಗರಿಗೆ ಮುಖ್ಯ. ಏಕೆಂದರೆ ಚುನಾವಣೆಯಲ್ಲಿ ಮತದ ಬಳಕೆಯನ್ನು ಕುರಿತ ಭಾರತದ ನ್ಯಾಯಶಾಸ್ತ್ರದ ಬಹುಭಾಗ ಹುಟ್ಟಿದ್ದು ಪಶ್ಚಿಮ ರೈಲ್ವೆಯ ನಿಧಾನದ ಲೋಕಲ್ ಗಾಡಿಯ ದಾರಿಯಲ್ಲಿ, ದಾದರಕ್ಕೂ ವಿಲೇಪಾರ್ಲೆಗೂ ನಡುವೆ. ಮಾಹೀಮು, ಬಾಂದ್ರಾಗಳೂ ಆ ನಡುವೆಯೇ ಬರುತ್ತವೆ. ೧೯೮೭ರ ವಿಲೇಪಾರ್ಲೆಯ ಉಪಚುನಾವಣೆಯಲ್ಲಿ ರಮೇಶ ಪ್ರಭು ಅವರ ಪರವಾಗಿ ಬಾಳ ಠಾಕರೆಯವರು ಮಾಡಿದ ಭಾಷಣಗಳ ಕಾರಣದಿಂದ ಆ ಆಯ್ಕೆ ರದ್ದಾಯಿತು. ೧೯೯೫ರ ಡಿಸೆಂಬರ್ ೧೧ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ದಿನ, ದಾದರದಿಂದ ೧೯೯೦ರಲ್ಲಿ ಗೆದ್ದಿದ್ದ ಮನೋಹರ ಜೋಶಿಯವರ ಮೊಕದ್ದಮೆಯಲ್ಲಿ, ಮೊದಲ ಹಿಂದು ರಾಜ್ಯ ಮಹಾರಾಷ್ಟ್ರದಲ್ಲಿ ಸ್ಥಾಪನೆಯಾಗುವುದೆಂಬ ಮಾತು ಹೆಚ್ಚೆಂದರೆ ಒಂದು ಆಶೆಯ ಪ್ರಕಟಣೆ, ಮತದ ಹೆಸರಿನ ಯಾಚನೆಯಲ್ಲ ಎಂದು ಅದೇ ಕೋರ್ಟು ಹೇಳಿತು. ಇದು ಶುದ್ಧ ಅಭಿಧೆಯ ಓದು. ವಾಕ್ಯದಲ್ಲಿ 'ಮತ ಕೊಡಿ' ಎಂಬ ಕ್ರಿಯಾಪದವಿಲ್ಲ, ಆದುದರಿಂದ ಯಾಚನೆಯಿಲ್ಲ. ಚುನಾವಣೆಯ ಸಭೆಯಲ್ಲಿ, ಉಮೇದುವಾರನ ಬಾಯಿಂದ ಬಂದ ಮಾತಿಗೆ ಆ ಕ್ರಿಯಾಪದವನ್ನು ಸಂದರ್ಭವೇ ಒದಗಿಸುವುದೆಂದು ಕಾವ್ಯವನ್ನು ಓದಿದ ಯಾರಾದರೂ ಹೇಳಿಯಾರು. ಆದರೆ ನ್ಯಾಯಾಧೀಶರ ಕಷ್ಟವನ್ನೂ ಅರಿಯಬೇಕು. ಧ್ವನಿ ಸಹೃದಯನಲ್ಲಿ ನೆಲೆಸುವುದು. ಅದಕ್ಕೆ ಸಾಕ್ಷಿ ಹಾಕುವುದು ಹೇಗೆ? ವ್ಯಂಗ್ಯಾರ್ಥಕ್ಕೆ ಶಿಕ್ಷೆ ಕೊಡಲು ಹೊರಟ ಕೋರ್ಟು ನಾಳೆ ಯಾರ ಬಾಯನ್ನಾದರೂ ಹೊಲಿಯಬಹುದು.

ಮೂರನೆಯ ಮೊಕದ್ದಮೆ ಸಾಂತಾಕ್ರೂಜದ್ದು. ಪೋರ್ತುಗೀಜರ ಮಾತಿನಲ್ಲಿ ಪವಿತ್ರ ಶಿಲುಬೆಯೆಂದು ಅರ್ಥವಾಗುವ ಊರಿನ ಮೊಕದ್ದಮೆಯಲ್ಲಿ ಮತದ ಪ್ರಶ್ನೆ ತೀರ್ಮಾನವಾದದ್ದು ಒಂದು ಚೋದ್ಯ. ೧೯೯೦ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿಂದ ಆರಿಸಿಬಂದ ಭಾರತೀಯ ಜನತಾ ಪಕ್ಷದ ಅಭಿರಾಂ ಸಿಂಗರ ಆಯ್ಕೆಯನ್ನು ಸಿ.ಡಿ. ಕಮ್ಮಾಚೆನ್ ಪ್ರಶ್ನಿಸಿದರು. ಪ್ರಕರಣ ಕೋರ್ಟಿನಿಂದ ಕೋರ್ಟಿಗೆ, ಪೀಠದಿಂದ ಪೀಠಕ್ಕೆ ಏರಿ, ೨೦೧೭ರ ಜನವರಿ ೨ರಂದು ಏಳು ನ್ಯಾಯಾಧೀಶರ ಪೀಠವು ನಾಲ್ಕು-ಮೂರರ ಬಹುಮತದಿಂದ ಅದರ ಕಾನೂನಿನ ಪ್ರಶ್ನೆಗೆ ಉತ್ತರಿಸಿತು. ವಿವಾದವೆಲ್ಲ ಪ್ರಜಾಪ್ರತಿನಿಧಿತ್ವದ ೧೯೫೧ರ ಶಾಸನದ ೧೨೩(೩)ನೆಯ ಕಲಮಿನಲ್ಲಿ, ೧೯೬೧ರ ತಿದ್ದುಪಡಿಯಿಂದ ಬಂದ ಒಂದು ಸರ್ವನಾಮವನ್ನು ಕುರಿತು. 'ಹಿಸ್' ಎಂಬ ಇಂಗ್ಲಿಷ್ ಶಬ್ದ ಉಮೇದುವಾರನ ಮತವನ್ನು ಮಾತ್ರ ಹೇಳುತ್ತದೆಯೋ, ಮತದಾರನ ಮತವನ್ನೂ ಹೇಳುತ್ತದೆಯೋ? ಮತದಾರನದೂ ಸೇರುವುದೆಂದು ನಾಲ್ವರು, ಇಲ್ಲವೆಂದು ಮೂವರು. ಕನ್ನಡದಲ್ಲಿ ಆ ಕಲಮನ್ನು ಬರೆದಿದ್ದರೆ ಬರೆದವನು 'ತನ್ನ' ಎನ್ನಬೇಕೋ 'ಅವನ' ಎನ್ನಬೇಕೋ ಎಂದು ಅಂದೇ ನಿರ್ಧರಿಸಬೇಕಾಗುತ್ತಿತ್ತು. ಇಪ್ಪತ್ತಾರು ವರ್ಷಗಳ ವಾದ ಬಹುಮಟ್ಟಿಗೆ ತಪ್ಪುತ್ತಿತ್ತು. ವ್ಯಾಕರಣವನ್ನು ಒಣಶಾಸ್ತ್ರವೆಂದು ಹಳಿಯುವವರು ಇದನ್ನು ಗಮನಿಸಲಿ.

ಭಿನ್ನಮತದ ಮೂವರ ಆತಂಕ ಹುಸಿಯಲ್ಲ. ಒಂದು ಜನಾಂಗಕ್ಕೆ ಆ ಜನಾಂಗವೆಂಬ ಕಾರಣದಿಂದಲೇ ಅನ್ಯಾಯವಾಗಿದ್ದರೆ ಚುನಾವಣೆಯಲ್ಲಿ ಅದನ್ನು ಹೇಳಬಾರದೇ? ೧೮೯೬ರ ಪ್ಲೇಗಿನ ಕಾಲದಲ್ಲಿ ಮುಂಬಯಿಯ ಓಣಿಗಳಲ್ಲಿ ಎಷ್ಟೋ ಶಿಲುಬೆಗಳು ಎದ್ದವು. ೨೦೧೭ರಲ್ಲಿ ಬಾಂದ್ರಾದ ಬಜಾರ್ ರಸ್ತೆಯ ಹಳೆಯ ಶಿಲುಬೆಯೊಂದನ್ನು ನಗರಪಾಲಿಕೆ ಕೆಡವಿತು. ಅದು ಖಾಸಗಿ ಜಾಗದಲ್ಲಿದ್ದುದೆಂದು ಅಲ್ಲಿಯ ಜನ ಪ್ರತಿಭಟಿಸಿದರು. ಇದನ್ನು ಉಮೇದುವಾರನೊಬ್ಬ ಸಭೆಯಲ್ಲಿ ಎತ್ತಿದರೆ ಅದು ಮತದ ಯಾಚನೆಯೇ? ನಮ್ಮ ಅಭಿಪ್ರಾಯದಲ್ಲಿ ಪರೀಕ್ಷೆ ಸುಲಭ. ಜಾಗ ಯಾರದು, ನೋಟೀಸು ಕೊಟ್ಟಿದ್ದರೇ, ಕಾನೂನನ್ನು ಎಲ್ಲರಿಗೂ ಸಮವಾಗಿ ನಡೆಸಿದರೇ ಎಂದು ಕೇಳಿದರೆ ಅದು ನೆರೆಯ ಗುಜರಾತಿಯೂ ದಾಖಲೆ ನೋಡಿ ಒಪ್ಪಬಹುದಾದ, ಅಲ್ಲಗಳೆಯಬಹುದಾದ ಮಾತು. ಶಿಲುಬೆಯ ಜನರೆಲ್ಲ ಒಂದಾಗಿ ಎಂದರೆ ಅದನ್ನು ಹೊರಗಿನವನು ಒಪ್ಪುವ ಅಥವಾ ನಿರಾಕರಿಸುವ ಪ್ರಶ್ನೆಯೇ ಏಳುವುದಿಲ್ಲ, ಅವನನ್ನು ಆ ಮಾತು ಕರೆದೇ ಇಲ್ಲ.

ಈ ಪರೀಕ್ಷೆಯನ್ನು ಧರ್ಮಗುರುಗಳ ಮಾತಿಗೂ ಹಚ್ಚಬೇಕು. ದೈವದ ಅವಕೃಪೆಯ ಭಯ ತೋರಿಸಿ ಮತ ಪಡೆಯುವುದು ಅನುಚಿತ ಪ್ರಭಾವವೆಂದು ಅದೇ ಶಾಸನ ಹೇಳುತ್ತದೆ. ನಾಮಧಾರಿ ಸಿಖ್ಖರ ಗುರುವಿನ ಆಜ್ಞೆಯ ವಿಷಯದಲ್ಲಿ ಸುಪ್ರೀಂ ಕೋರ್ಟು ೧೯೫೯ರಲ್ಲಿಯೇ ಇದನ್ನು ಸ್ಪಷ್ಟಪಡಿಸಿತು. ಮುಂಬಯಿಯಲ್ಲಿ ೨೦೧೪ರ ಏಪ್ರಿಲ್ ೨೪ರ ಮತದಾನಕ್ಕೆ ಕೆಲವೇ ದಿನಗಳ ಮುಂಚೆ, ಸಂತ ಝೇವಿಯರ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜೆಸುಯಿತ್ ಪಾದ್ರಿ ಫ್ರೇಝರ್ ಮಸ್ಕರೇನ್ಹಸರು ಗುಜರಾತ್ ಮಾದರಿಯನ್ನು ವಿಮರ್ಶಿಸಿ ವಿದ್ಯಾರ್ಥಿಗಳಿಗೆ ಬರೆದ ಟಿಪ್ಪಣಿ ದೊಡ್ಡ ಗದ್ದಲವಾಯಿತು. ಚುನಾವಣಾ ಆಯೋಗಕ್ಕೆ ದೂರು ಹೋಯಿತು. ವಾಚ್ಯವನ್ನು ನೋಡಿದರೆ ಅದರ ವಾದ ಮಾನವ ಅಭಿವೃದ್ಧಿಯನ್ನು ಕುರಿತದ್ದು. ಯಾರೂ ಅಂಕಿ ಹಿಡಿದು ಖಂಡಿಸಬಹುದಾದದ್ದು. ಅಷ್ಟರಮಟ್ಟಿಗೆ ಅದು ನಮ್ಮ ಪರೀಕ್ಷೆಯಲ್ಲಿ ನಿಲ್ಲುತ್ತದೆ. ಆದರೆ ಮೇಣದಬತ್ತಿಯ ಧ್ವನಿಯನ್ನು ಕೇಳಿಸಿಕೊಂಡ ಕಿವಿ ನಿಲುವಂಗಿಯ ಧ್ವನಿಗೆ ಕಿವುಡಾಗಬಾರದು. ಬರೆದವರು ಪಾದ್ರಿ, ಮೇಲಾಗಿ ಪ್ರಿನ್ಸಿಪಾಲರು. ಓದಬೇಕಾದವರು ಅವರ ಅಧೀನದ ವಿದ್ಯಾರ್ಥಿಗಳು. ಅದೇ ಟಿಪ್ಪಣಿ ದಿನಪತ್ರಿಕೆಯೊಂದರಲ್ಲಿ ಲೇಖನವಾಗಿ ಬಂದಿದ್ದರೆ ಬಲ ಕುಂದುತ್ತಿರಲಿಲ್ಲ, ಆಕ್ಷೇಪಕ್ಕೆ ಎಡೆಯಿರುತ್ತಿರಲಿಲ್ಲ. ೨೦೧೭ರ ನವೆಂಬರಿನಲ್ಲಿ ಗಾಂಧಿನಗರದ ಆರ್ಚ್‌ಬಿಷಪ್ ಥಾಮಸ್ ಮ್ಯಾಕ್ವಾನರು ಗುಜರಾತಿನ ಚುನಾವಣೆಗೆ ಮುಂಚೆ ಪ್ರಾರ್ಥನೆಗೆ ಕರೆಕೊಟ್ಟು ಬರೆದ ಪತ್ರಕ್ಕೆ ನೋಟೀಸು ಬಂದಿತು. ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವರು ಅಂಕಿಗೂ ಜಪಮಾಲೆಗೂ ಇರುವ ಅಂತರವನ್ನು ಗಣಿಸಲಿಲ್ಲ.

ಇಷ್ಟು ಹೊತ್ತು ಕ್ರೈಸ್ತರ ಮಾತಾಯಿತು. ಓದುತ್ತಿರುವ ಮಹನೀಯರು ತಲೆದೂಗುತ್ತಿರಬಹುದು. ಅದಕ್ಕೆ ಮುಂಚೆ ಆ ೧೨೩(೩)ನೆಯ ಕಲಮನ್ನು ಕೊನೆಯ ತನಕ ಓದಬೇಕಾಗಿ ಪ್ರಾರ್ಥನೆ. ಮತ, ಕುಲ, ಜಾತಿ, ಸಮುದಾಯ ಇವುಗಳ ಬೆನ್ನಿಗೇ ಅಲ್ಲಿ 'ಭಾಷೆ' ಎಂದಿದೆ. ಮುಂಬಯಿಯಲ್ಲಿ ಭಾಷೆಯ ಹೆಸರಿನ ಪ್ರಚಾರದ ಬಿಸಿಯನ್ನು ನಾವು ಅನುಭವಿಸಿದವರು. ಶಿವಸೇನೆ ಹುಟ್ಟಿದ ೧೯೬೬ರ ಮರುವರ್ಷವೇ ಈಶಾನ್ಯ ಮುಂಬಯಿಯಲ್ಲಿ ಕೃಷ್ಣ ಮೆನನ್ನರ ವಿರುದ್ಧ ಏನು ನಡೆಯಿತೆಂಬುದನ್ನೂ, ಉಡುಪಿ ಹೋಟೆಲುಗಳ ಗಾಜಿಗೆ ಬಿದ್ದ ಕಲ್ಲನ್ನೂ ನಮ್ಮ ಹಿರಿಯರು ಮರೆತಿರಲಿಲ್ಲ. ಆದರೆ ಚುನಾವಣೆ ಬಂದಾಗ ನಮ್ಮ ಸಭಾಭವನಗಳಲ್ಲಿ ನಡೆಯುವುದೇನು? 'ಕನ್ನಡಿಗರ ಮತಗಳು' ಎಂಬ ಒಂದು ಗಂಟಿದೆಯೆಂದು ನಾವೇ ಪಕ್ಷಗಳಿಗೆ ಹೇಳಿಕಳಿಸುತ್ತೇವೆ. ಗಂಟನ್ನು ಬಿಚ್ಚಿದರೆ ಅಲ್ಲಿ ಬಂಟರು, ಬಿಲ್ಲವರು, ಗೌಡ ಸಾರಸ್ವತರು, ಲಿಂಗಾಯತರು, ಇದೇ ಮಂಗಳೂರಿನ ಕ್ರೈಸ್ತರು. ಆ ಕ್ರೈಸ್ತರನ್ನು ಕನ್ನಡಿಗರ ಲೆಕ್ಕದಲ್ಲಿ ಸೇರಿಸುವೆವೋ, ಇಗರ್ಜಿಯ ಲೆಕ್ಕಕ್ಕೆ ಬಿಡುವೆವೋ ಎಂಬುದು ಆಯಾ ಚುನಾವಣೆಯ ಅನುಕೂಲದಂತೆ. 'ರೈತವಾಣಿ' ಎಂಬ ಕನ್ನಡ ವಾರಪತ್ರಿಕೆಯನ್ನು ೧೯೪೯ರಲ್ಲಿ ನಡೆಸಿದ ಜಾರ್ಜರು ಗೆದ್ದಾಗ ನಮ್ಮ ಜಾರ್ಜ್, ಸೋತಾಗ ಸ್ಮರಣೆಗೆ ಬಾರದವರು.

ಒಮ್ಮೆ ಉಪನಗರದ ಇಂಥ ಸಭೆಯೊಂದರಲ್ಲಿ ನಾವಿದ್ದೆವು. ಪಕ್ಷ ಯಾವುದೆಂಬುದು ಇಲ್ಲಿ ಬೇಡ. ಉಮೇದುವಾರರಿಗೆ ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು. ಅವರು ಮೈಕಿನ ಮುಂದೆ ನಿಂತು, ಯಾರೋ ದೇವನಾಗರಿಯಲ್ಲಿ ಬರೆದುಕೊಟ್ಟ ಚೀಟಿಯನ್ನು ನೋಡಿ, 'ಎಲ್ಲರಿಗೂ ನಮಸ್ಕಾರ, ಊಟ ಆಯ್ತಾ' ಎಂದರು. ಚಪ್ಪಾಳೆ ಮುಗಿಲು ಮುಟ್ಟಿತು. ವಾಚ್ಯಾರ್ಥದಲ್ಲಿ ಅದು ಊಟದ ವಿಚಾರ. ಹಿಂದಿನ ಸಾಲಿನಲ್ಲಿದ್ದ ವೃದ್ಧರೊಬ್ಬರು ಎದ್ದು, ನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಶಿಕ್ಷಕರ ನೇಮಕವಾಗುತ್ತಿಲ್ಲ, ಇದಕ್ಕೆ ತಾವೇನು ಮಾಡುವಿರಿ ಎಂದು ಮರಾಠಿಯಲ್ಲಿ ಕೇಳಿದರು. ಉಮೇದುವಾರರಿಗೆ ಅರ್ಥವಾಗಲೆಂದೇ ಮರಾಠಿಯಲ್ಲಿ. ವೇದಿಕೆಯ ಮೇಲಿದ್ದ ನಮ್ಮವರೇ ಒಬ್ಬರು, ಸಮಯವಾಯಿತು, ಪ್ರಶ್ನೋತ್ತರಕ್ಕೆ ಅವಕಾಶವಿಲ್ಲ ಎಂದು ಕನ್ನಡದಲ್ಲಿ ಹೇಳಿ ಅವರನ್ನು ಕೂಡಿಸಿದರು.